ಮುನಿರಾಜನ ದನಿ

ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಶ್ಯಾಮಲಾಗೆ ಹಳೆಯ ಸಿನಿಮಾಗಳ ಹುಚ್ಚು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಚಾಂಪಿಯನ್ ರೀಫ್ಸ್‌ನ ಸಮುದಾಯ ಭವನದಲ್ಲಿ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ, ಜನ ಮರೆತ ಚಿತ್ರಗಳನ್ನು ತೋರಿಸುತ್ತಿದ್ದಳು. ಈ ಸಲ ರೇಡಿಯೋದಲ್ಲಿ ಮಾತಾಡಿ ಹೆಸರಾದವನೊಬ್ಬನ ಕತೆ. ಅವನು ಹೇಳಿದ್ದನ್ನೆಲ್ಲ ಊರು ನಂಬುತ್ತದೆ, ಸುಳ್ಳನ್ನೂ. ಅವನು ಮಾತಾಡುವಾಗ ಕ್ಯಾಮೆರಾ ಅವನನ್ನು ಬಿಟ್ಟು, ಕೇಳುವವರ ಮುಖಗಳನ್ನೇ ನೋಡುತ್ತಿತ್ತು. ಇಂಥ ಚಿತ್ರ ಹೇಗೆ ಮೂಲೆಗೆ ಬಿತ್ತೋ ಎಂದು ಶ್ಯಾಮಲಾಗೆ ಸಂಕಟ.

ಹಿಂದಿನ ಬೆಂಚಿನಲ್ಲಿದ್ದ ಅಮ್ಮಾಜಮ್ಮ ತಟ್ಟನೆ ಎದ್ದು ನಿಂತರು.

“ಯಾಕಮ್ಮ, ಕಾಣ್ತಿಲ್ವಾ?” ಶ್ಯಾಮಲಾ ಚಿತ್ರ ನಿಲ್ಲಿಸಿದಳು.

“ಮೊಕ ಯಾರ್ದೋ. ದನಿ ನಮ್ಮ ಯಜಮಾನ್ರದು ಕಣಮ್ಮ.”

ಗಣಿಯಲ್ಲಿ ದುಡಿಯುತ್ತಿದ್ದ ಅವರ ಗಂಡ ಮುನಿರಾಜ ಕಾರ್ಮಿಕ ಸಂಘದ ಮೈಕಿನಲ್ಲಿ ಮಾತಾಡಿದ್ದನ್ನು ಕೇಳಿ, ಈ ಚಿತ್ರದ ನಿರ್ದೇಶಕರು ನಾಯಕನಿಗೆ ಅವನ ದನಿ ಕೊಡಿಸಿದ್ದರಂತೆ. ಬಂಗಾರಪೇಟೆಯ ಟಾಕೀಸಿಗೆ ಗಂಡಹೆಂಡತಿ ಹೋಗಿದ್ದರೂ, ಕೂಸು ಅತ್ತಿತೆಂದು ಅರ್ಧಕ್ಕೇ ಎದ್ದು ಬಂದಿದ್ದರು. ಚಿತ್ರ ಓಡಲಿಲ್ಲ. ಆದರೂ ಸಿನಿಮಾದ ದನಿ ಎಂದು ಮುನಿರಾಜ ನಿಂತಲ್ಲಿ ಜನ ಸೇರುತ್ತಿದ್ದರು. ವರ್ಷಗಳ ಮೇಲೆ ಗಣಿ ಮುಚ್ಚುವ ಸುದ್ದಿ ಹಬ್ಬಿದಾಗ ಅವನು ಮೈಕ್ ಹಿಡಿದು, “ಮುಚ್ಚಲ್ಲ, ನಾನಿದೀನಿ,” ಎಂದ. ನಂಬಿದವರು ಬೇರೆ ಕೆಲಸ ಹುಡುಕಲಿಲ್ಲ. ಗಣಿ ಮುಚ್ಚಿತು.

“ಆಮ್ಯಾಕೆ ಬಾಯೇ ಬುಡ್ಲಿಲ್ಲ. ಅನ್ನಾನೂ ಸನ್ನೇಲೇ ಕೇಳೋರು. ಅಂಗೇ ತೀರ್ಕೊಂಡ್ಬುಟ್ರು.”

“ಬೇಡಾಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ.”

“ನಿಲ್ಲಿಸ್ಬ್ಯಾಡ, ಆಕಮ್ಮ. ಪೂರಾ ಕೇಳ್ತೀನಿ.”

ಕೊನೆಯಲ್ಲಿ ಆ ಮಾತುಗಾರ ಖಾಲಿ ಕೋಣೆಯಲ್ಲಿ, ತಂತಿ ಕಿತ್ತ ಮೈಕಿನ ಮುಂದೆ ಕೂರುತ್ತಾನೆ. “ನೀವು ನಂಬಿದಿರಿ. ನಾನು ಸುಳ್ಳು ಹೇಳಿದೆ. ನನ್ನನ್ನು ಕ್ಷಮಿಸಿ.”

ಮುಂದಿನ ಸಾಲಿನಲ್ಲಿದ್ದ ಮುದುಕ ಕುಪ್ಪುಸ್ವಾಮಿ, ಅಂದು ಮುನಿರಾಜನನ್ನು ನಂಬಿ ಸಿಕ್ಕ ಕೆಲಸ ಬಿಟ್ಟವನು, ಟವೆಲ್ ಹೆಗಲಿಗೆ ಹಾಕಿ ಎದ್ದ.

“ಸಿನ್ಮಾದಾಗೆ ಮಾಪಿ ಕೇಳ್ಬುಟ್ರೆ ಆಯ್ತಾ?” ಎಂದು ಹೊರಟೇಹೋದ.

ಅಮ್ಮಾಜಮ್ಮ ಅವನನ್ನು ತಡೆಯಲಿಲ್ಲ. “ಅವನಂದಿದ್ದೂ ದಿಟವೇ,” ಎಂದರು. ಬಳಿಕ ಮೆಲ್ಲಗೆ, “ತಪ್ಪು ಮಾಡೋಕ್ ಮುಂಚೇನೇ ಕೇಳ್ಕೊಂಡವ್ರೆ, ಪಾಪ.”

ಶ್ಯಾಮಲಾ ಅವರನ್ನು ಮನೆ ಮುಟ್ಟಿಸಲು ಜೊತೆಗೆ ನಡೆದಳು. ಗಣಿ ಸಾಲುಮನೆಗಳ ತಿರುವಿನಲ್ಲಿ ಅಮ್ಮಾಜಮ್ಮ ನಿಂತು, ಹಿಂದಕ್ಕೆ ತಿರುಗಿ, ಗಂಡನನ್ನು ಕರೆಯುವಂತೆ, “ಬಿರ್ನೆ ಬನ್ನಿ,” ಎಂದರು.

ಪಕ್ಕದಲ್ಲೇ ಇದ್ದ ಶ್ಯಾಮಲಾಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.