ನಲವತ್ತನೇ ಮೊಳೆ

ಅಕ್ಕನಿಗೆ ಎಲ್ಲವೂ ಮೊದಲು. ಹೊಸ ಬಟ್ಟೆ ಅವಳಿಗೆ, ಅದು ಬಿಗಿಯಾದ ಮೇಲೆ ನನಗೆ. ಮದುವೆಯಾಗಿ ಗಡಿಯಾಚೆ ಹೋದವಳು ಅಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಇಳಿಯುವವರಿಗೆ ದೀಪ ಕೊಟ್ಟು ಲೆಕ್ಕ ಇಡುವ ದೀಪದ ಕೋಣೆ ನೋಡಿಕೊಳ್ಳುವ ಕೆಲಸ ಹಿಡಿದಳು. ನಾನೂ ಈಚೆಯ ಗಣಿಯಲ್ಲಿ ಅದನ್ನೇ ಹಿಡಿದೆ. ಹೊಟ್ಟೆಕಿಚ್ಚಿಗೇ ಹಿಡಿದೆ ಅಂದರೂ ತಪ್ಪಿಲ್ಲ.

ಈಗ ಎರಡೂ ದೇಶಗಳು ಕೂತು, ಗಣಿಗಳನ್ನೆಲ್ಲ ಈ ವರ್ಷದೊಳಗೆ ಮುಚ್ಚುವುದೆಂದು ಒಪ್ಪಂದ ಮಾಡಿಕೊಂಡಿದ್ದವು. ಅವರು ತೋಡಿದ್ದು ನೂರಮೂವತ್ತು ವರ್ಷ, ನಾವು ಹತ್ತೊಂಬತ್ತು. ಅವರ ಗಣಿ ಆಗಲೇ ಮುಚ್ಚಿ, ಅಕ್ಕನಿಗೆ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರದ ತರಬೇತಿ, ಕೆಲಸ, ಮೇಲೊಂದು ನೀಲಿ ಕೋಟು ಸಿಕ್ಕಿತ್ತು. ನಮಗೆ ಸಿಕ್ಕಿದ್ದು ಗೋಡೆಯ ಮೇಲೊಂದು ನೋಟಿಸು.

ನಮ್ಮ ಗಣಿಗೆ ಇನ್ನೂ ಹತ್ತು ವರ್ಷ ಕೊಡಿ ಎಂದು ಅರ್ಜಿ ಬರೆದಿದ್ದೆವು. ಒಪ್ಪಂದದ ಪ್ರಕಾರ ಆಚೆಯ ಕಾರ್ಮಿಕ ಸಂಘದ ಸಹಿಯಿಲ್ಲದೆ ಅದಕ್ಕೆ ಬೆಲೆಯಿಲ್ಲ. ಆ ಸಂಘಕ್ಕೆ ಅಕ್ಕನೇ ಕಾರ್ಯದರ್ಶಿ. ರಜೆಗೆ ಬಂದವಳ ಮುಂದೆ ಅರ್ಜಿ ಇಟ್ಟೆ.

“ಎಲ್ಲರಿಗೂ ಒಂದೇ ತಾರೀಖು. ನ್ಯಾಯ ಅಂದ್ರೆ ಅದೇ ಅಲ್ವೇನೇ?”

“ನೀನು ಹೊಟ್ಟೆ ತುಂಬ ಉಂಡಿದ್ದೀಯ. ನಾನು ಈಗ ತಟ್ಟೆ ಮುಂದೆ ಕೂತಿದ್ದೀನಿ. ಇಬ್ರೂ ಒಟ್ಟಿಗೆ ಕೈ ತೊಳೀಬೇಕಾ?”

“ಶುರುವಾಯ್ತು ನಿನ್ನ ಹಳೇ ರಾಗ,” ಎಂದು ನಕ್ಕು, ಗಣಿ ನೋಡಲು ಮೇಸ್ತ್ರಿಯ ಜೊತೆ ಇಳಿದಳು.

ಇಳಿಯುವವರು ನನ್ನ ದೀಪದ ಕೋಣೆಯ ಹಲಗೆಯಲ್ಲಿ ತಮ್ಮ ನಂಬರಿನ ಮೊಳೆಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಮೇಲೆ ಬಂದು ಅಲ್ಲಿಗೇ ತೂಗುಹಾಕಬೇಕು. ಮೊಳೆ ಖಾಲಿ ಇದೆಯೆಂದರೆ ಒಂದು ಜೀವ ಕೆಳಗಿದೆ. ಪಾಳಿ ಮುಗಿದಾಗ ನಲವತ್ತನೇ ಮೊಳೆ ಖಾಲಿಯಿತ್ತು. ಅಕ್ಕನದು.

“ಮೇಲೆ ಹೋಗ್ಲಿ ಅಂತ ಲಿಫ್ಟ್ ಹತ್ರ ಬಿಟ್ಟು ನಾನು ಕೆಲಸಕ್ಕೆ ಹೋದೆ,” ಎಂದ ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

ಸೈರನ್ ಕೂಗಿತು. ನನ್ನ ಗಂಡನೂ ಸೇರಿ ಆರು ಜನ ಹುಡುಕಲು ಇಳಿದರು. ನಾನು ಕಾಲು ಗಂಟೆ ಆ ಮೊಳೆಯನ್ನೇ ನೋಡುತ್ತ ನಿಂತೆ. ಹುಟ್ಟಿದಾಗಿನಿಂದ ಅದೊಂದು ಕಾಲು ಗಂಟೆ ಅವಳ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ.

ಅಷ್ಟರಲ್ಲಿ ಅಕ್ಕ ನಮ್ಮ ಮನೆಯ ಕಡೆಯಿಂದ ಏದುಸಿರು ಬಿಡುತ್ತ ಓಡಿಬಂದಳು. ಸ್ನಾನ ಮಾಡಿದ ಒದ್ದೆ ಕೂದಲು, ಕೈಯಲ್ಲಿ ಬಿಲ್ಲೆ.

“ನಮ್ಮಲ್ಲಿ ಮುಚ್ಚೋವಾಗ ನೆನಪಿಗೆ ಇಟ್ಕೊಳ್ಳಿ ಅಂತ ಎಲ್ಲರಿಗೂ ಬಿಲ್ಲೆ ಕೊಟ್ಟಿದ್ರು ಕಣೇ. ಅದೇ ಗುಂಗಿನಲ್ಲಿ ಚೀಲಕ್ಕೆ ಹಾಕ್ಕೊಂಡೆ.”

“ನಮ್ಮದಿನ್ನೂ ಮುಚ್ಚಿಲ್ಲ ಅಕ್ಕಾ.”

ಹುಡುಕಲು ಹೋದವರು ಒಬ್ಬೊಬ್ಬರಾಗಿ ಮೇಲೆ ಬಂದು ಬಿಲ್ಲೆ ತೂಗುಹಾಕುವುದನ್ನು ಅಕ್ಕ ನಿಂತು ನೋಡಿದಳು. ಕೊನೆಗೆ ತನ್ನದನ್ನೂ ಹಾಕಿ, “ತಾ ಆ ಅರ್ಜಿ,” ಎಂದಳು.

ಸಹಿ ಹಾಕಿದಳು. ನಾನು ಕೈಚಾಚಿ ತೆಗೆದುಕೊಂಡೆ. ಕೊಡುವವಳು ಈಗಲೂ ಅವಳೇ. ಮತ್ತೆ ಹೊಟ್ಟೆ ಉರಿಯಿತು.