ಎರಡನೇ ಗೆರೆ

ಚರ್ಚಿನ ಸಭೆಯಲ್ಲಿ ಎದ್ದು ನಿಂತು, ದೇವರು ತಮಗೆ ಹೀಗೆ ಮಾಡಿದ ಎಂದು ಸಾಕ್ಷಿ ಹೇಳುವವರನ್ನು ಕಂಡರೆ ನನಗೀಗ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಹೋದ ತಿಂಗಳು ಹಾಗೆ ಎದ್ದು ನಿಂತ ಮಹಾಶಯ ನಾನೇ. "ಕರ್ತನು ನನ್ನ ಕೋಪವನ್ನು ಬುಡಸಮೇತ ಕಿತ್ತುಹಾಕಿದ್ದಾನೆ. ಐದು ದಿನದಿಂದ ನಾನು ಯಾರ ಮೇಲೂ ರೇಗಿಲ್ಲ" ಎಂದು ಗಂಟಲು ಸರಿಮಾಡಿಕೊಂಡು ಹೇಳಿದೆ. ಎಲ್ಲರೂ "ಆಮೆನ್" ಅಂದರು. ಮೂರನೇ ಬೆಂಚಿನಲ್ಲಿದ್ದ ನನ್ನ ತಮ್ಮ ಮಾತ್ರ ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು ಎದ್ದು ಹೊರಗೆ ಹೋಗಿಬಿಟ್ಟ. ಸಾಕ್ಷಿ ಮುಗಿಯುವ ಮೊದಲೇ ನನಗೆ ಕೋಪ ನೆತ್ತಿಗೇರಿತು.

ನಾವಿಬ್ಬರೂ ಒಂದೇ ಗಾಜಿನಂಗಡಿಯಲ್ಲಿ ಕೆಲಸಕ್ಕಿದ್ದೇವೆ. ಕಿಟಕಿಗೆ, ಕನ್ನಡಿಗೆ, ಕಪಾಟಿಗೆ ಅಳತೆಗೆ ತಕ್ಕಂತೆ ಕೊಯ್ದು ಕೊಡುವುದು. ನಾನು ಪುಟ್ಟ ಉಕ್ಕಿನ ಚಕ್ರದಿಂದ ಗಾಜಿನ ಮೇಲೆ ಗೆರೆ ಎಳೆಯುತ್ತೇನೆ. ತಮ್ಮ ಎರಡು ಹೆಬ್ಬೆರಳನ್ನು ಗೆರೆಯ ಅಕ್ಕಪಕ್ಕ ಇಟ್ಟು ಟಕ್ಕನೆ ಮುರಿಯುತ್ತಾನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಈ ಕೆಲಸದಲ್ಲಿ ಒಂದು ನಿಯಮವನ್ನು ಮಾತ್ರ ಯಾರೂ ಮೀರುವುದಿಲ್ಲ: ಗೆರೆ ಒಂದೇ ಸಲ. ಅದು ನಡುವೆ ತಪ್ಪಿತೋ, ಆ ಗಾಜನ್ನು ಪಕ್ಕಕ್ಕಿಡಬೇಕು. ಅದರ ಮೇಲೇ ಮತ್ತೊಮ್ಮೆ ಎಳೆದರೆ ಗಾಜು ಯಾರ ಮಾತನ್ನೂ ಕೇಳುವುದಿಲ್ಲ, ತನಗೆ ಬೇಕಾದ ಕಡೆ ಒಡೆಯುತ್ತದೆ.

ಸಾಕ್ಷಿಗೆ ಐದು ದಿನ ಮುಂಚಿನ ಮಂಗಳವಾರ ತಮ್ಮ ಹತ್ತು ನಿಮಿಷ ತಡವಾಗಿ ಬಂದ. ಹತ್ತೇ ನಿಮಿಷ! ನಾನು ಬಾಯಿಗೆ ಬಂದಂತೆ ಬೈದೆ. ಅವನನ್ನು ಓದಿಸಿದ್ದು, ಕೆಲಸಕ್ಕೆ ಸೇರಿಸಿದ್ದು, ಹಳೆಯದನ್ನೆಲ್ಲ ಕೆದಕಿ ಕೆದಕಿ ಎತ್ತಿ ಆಡಿದೆ. ಅಂಗಡಿಯವರು ನನ್ನ ಬೆನ್ನ ಹಿಂದೆ ನನ್ನನ್ನು ಕುಕ್ಕರ್ ಅಂತ ಕರೆಯುವುದು ಸುಮ್ಮನೆ ಅಲ್ಲ. ಬೈಯುತ್ತಲೇ ಗೆರೆ ಎಳೆದೆ, ನಡುವೆ ತಪ್ಪಿತು. ಪಕ್ಕಕ್ಕಿಟ್ಟು ಇನ್ನೊಂದು ಗಾಜು ತರುವ ತಾಳ್ಮೆ ಯಾರಿಗಿತ್ತು? ಅದರ ಮೇಲೇ ಇನ್ನೊಂದು ಸಲ ಎಳೆದೆ. "ಬೇಗ ಮುರಿಯೋ, ಇನ್ನೂ ಎಷ್ಟೊತ್ತು!" ಎಂದು ಕೂಗಿದೆ. ತಮ್ಮ ಅತ್ತ ತಿರುಗಿ ಏಪ್ರನ್ ಕಟ್ಟಿಕೊಳ್ಳುತ್ತಿದ್ದ, ನಾನು ಮಾಡಿದ್ದನ್ನು ನೋಡಿರಲಿಲ್ಲ. ಬಂದು ಮುರಿದ. ಗಾಜು ಅಡ್ಡಕ್ಕೆ ಸೀಳಿ ಅವನ ಹೆಬ್ಬೆರಳಿನ ಬುಡವನ್ನು ಹೊಕ್ಕಿತು.

ಯಜಮಾನರು ಓಡಿ ಬಂದು "ಏನಾಯ್ತು?" ಅಂದಾಗ ನಾಲಿಗೆ ನನಗಿಂತ ಮುಂಚೆ ಹೊರಳಿತು. "ಅವನೇ ಸರಿಯಾಗಿ ಹಿಡ್ಕೊಳ್ಳಲಿಲ್ಲ" ಎಂದೆ. ತಮ್ಮ ನನ್ನ ಮುಖ ನೋಡಿ, ಏಪ್ರನ್ನಿನ ತುದಿಯನ್ನು ಕೈಗೆ ಸುತ್ತಿಕೊಂಡ. ಅಲ್ಲಿಂದ ಐದು ದಿನ ನಾನು ಬಾಯಿ ಹೊಲಿದುಕೊಂಡವನ ಹಾಗಿದ್ದೆ. ಅದು ಬರೀ ಹೆದರಿಕೆ. ನಾನೋ, ಅದನ್ನು ಪವಿತ್ರಾತ್ಮನ ಕೆಲಸ ಅಂದುಕೊಂಡು ಸಭೆಯಲ್ಲಿ ಡಂಗುರ ಹೊಡೆದೆ. ಥೂ, ನನ್ನ ಜನ್ಮಕ್ಕೆ!

ಸಾಕ್ಷಿ ಹೇಳಿದ ಮಧ್ಯಾಹ್ನವೇ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ಕುಕ್ಕಿದೆ.

"ಕೋಪ ಹೋಯ್ತು ಅಂದ್ರಲ್ಲ," ಎಂದಳು ಹೆಂಡತಿ. "ದೂರ ಏನೂ ಹೋದ ಹಾಗಿಲ್ಲ. ನಿಮಗಿಂತ ಮೊದ್ಲೇ ಮನೆಗೆ ಬಂದು ಊಟಕ್ಕೆ ಕೂತಿದೆ."

ಸಭಾಪಾಲಕರ ಹತ್ತಿರ ಹೋಗಿ ಜಗಳಕ್ಕೇ ನಿಂತೆ. ನಡೆದದ್ದನ್ನೆಲ್ಲ ಹೇಳಿ, "ದಿನಾ ಮೊಣಕಾಲೂರಿ ದೀರ್ಘಶಾಂತಿ ಕೊಡು, ತಾಳ್ಮೆ ಕೊಡು ಅಂತ ಬೇಡ್ತೀನಿ. ಮಾಡಿದ ಪಾಪಾನೂ ದೇವರ ಹತ್ರ ಅರಿಕೆ ಮಾಡಿದ್ದೀನಿ. ಇನ್ನೇನು ಮಾಡ್ಬೇಕು?" ಎಂದೆ.

ಅವರು ಕನ್ನಡಕ ಒರೆಸಿಕೊಂಡು, "ಕೈ ಕುಯ್ದಿದ್ದು ದೇವರದ್ದಾ?" ಎಂದರು.

"ನನ್ನ ತಮ್ಮಂದು."

"ಮತ್ತೆ ಅವನ ಹತ್ರ ಹೋಗೋದು ಬಿಟ್ಟು ಇಲ್ಲಿಗೆ ಯಾಕೆ ಬಂದ್ರಿ?"

ಬಾಗಿಲನ್ನು ದಢಾರನೆ ಎಳೆದುಕೊಂಡು ಬಂದೆ. ಸಮಾಧಾನದ ಒಂದು ಮಾತೂ ಬಾರದ ಇವರೆಂಥ ಸಭಾಪಾಲಕರು! ಆ ಸಿಟ್ಟಿನಲ್ಲೇ ಇನ್ನೆರಡು ವಾರ ಕಳೆದೆ, ತಮ್ಮನ ಮನೆ ಕಡೆ ತಲೆ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಯಜಮಾನರು ನನ್ನ ಮೇಜಿನ ಹತ್ತಿರ ಬಂದರು. "ಸೋಮವಾರ ನಿನ್ನ ತಮ್ಮನ ಕಟ್ಟು ಬಿಚ್ತಾರಂತೆ. ಬೇರೆ ಕಡೆ ಕೆಲಸ ನೋಡ್ಕೋ ಅಂತ ನೀನೇ ಹೇಳಿಬಿಡು. ಗಾಜು ಹಿಡಿಯೋಕೆ ಬರದವನನ್ನ ಮೇಜಿಗೆ ಬಿಟ್ಟು ನಾಳೆ ಇನ್ನೊಬ್ಬರ ಕೈ ಹೋಗೋದು ಬೇಡ."

ನನಗೆ ರಕ್ತ ಕುದಿಯಿತು. ಹನ್ನೊಂದು ವರ್ಷದಲ್ಲಿ ಒಂದು ಚೂರು ಹಾಳು ಮಾಡದವನಿಗೆ ಗಾಜು ಹಿಡಿಯಲು ಬರುವುದಿಲ್ಲವಂತೆ! ಯಾವ ಬಾಯಲ್ಲಿ ಹೇಳುತ್ತೀರಿ ಎಂದು ಕೂಗಲು ಬಾಯಿ ತೆರೆದೆ. ಹೇಳಿದ ಬಾಯಿ ನನ್ನದೇ ಆಗಿತ್ತು. ಚಕ್ರವನ್ನು ಮೇಜಿನ ಮೇಲಿಟ್ಟೆ.

"ಅವನ ತಪ್ಪಿಲ್ಲ. ನಾನು ಗೆರೆ ಎರಡು ಸಲ ಎಳೆದೆ" ಎಂದೆ.

ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಅವರೂ ಇದೇ ಮೇಜಿನಲ್ಲಿ ಕೈ ಪಳಗಿಸಿದವರು. ಮೇಜಿನ ಮೇಲಿದ್ದ ಚಕ್ರವನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ನಾಚಿಕೆ ಆಗಲ್ವಾ ನಿನಗೆ? ಇವತ್ತಿಂದ ಚಕ್ರ ಮುಟ್ಟಬೇಡ. ಹಿಂದೆ ಹೋಗಿ ಅಂಚು ಉಜ್ಜು. ಅವನು ಸೋಮವಾರ ಬರಲಿ."

ಇಡೀ ದಿನ ಅಂಚು ಉಜ್ಜಿ, ಸಂಜೆ ತಮ್ಮನ ಮನೆಯ ಮೆಟ್ಟಿಲು ಹತ್ತಿದೆ. ಅವನು ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಿದ್ದ. ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಎರಡನೇ ಗೆರೆ, ಸುಳ್ಳು, ಯಜಮಾನರಿಗೆ ಒಪ್ಪಿಕೊಂಡದ್ದು. "ತಪ್ಪಾಯ್ತು ಕಣೋ" ಎಂದೆ.

"ಗೊತ್ತಿತ್ತು," ಎಂದ ತಮ್ಮ. "ಎರಡನೇ ಸಲ ಎಳೆದಾಗ ಕರ್ರ್ ಅಂತ ಸದ್ದು ಬಂತಲ್ಲ, ಕೇಳಿಸ್ತು."

"ಕೇಳಿಸ್ತಾ? ಕೇಳಿಸಿದ ಮೇಲೂ ಯಾಕೋ ಮುರಿದೆ? ತಲೆ ನೆಟ್ಟಗಿತ್ತಾ ನಿನಗೆ?" ನನ್ನ ದನಿ ಮನೆಯೆಲ್ಲ ತುಂಬಿತು.

ತಮ್ಮ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದ. ಮೂವತ್ನಾಲ್ಕು ವರ್ಷದ ಗಂಡಸು.

"ಇದಕ್ಕೇ ಅಣ್ಣ," ಎಂದ. "ಬೇಡ ಅಂದಿದ್ರೆ ನೀನು ಹೀಗೇ ಕೂಗ್ತಿದ್ದೆ. ಗಾಜಿಗಿಂತ ನಿನಗೇ ಜಾಸ್ತಿ ಹೆದರಿಕೆ ಆಯ್ತು ನನಗೆ."

ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು, ಈ ಸಲ ನನ್ನ ಮೇಲೇ. ಅದನ್ನೂ ಕೂಗಿ ಹೇಳಿದರೆ ಅವನು ಇನ್ನೂ ಹಿಂದೆ ಸರಿಯುತ್ತಿದ್ದ. ಹಲ್ಲು ಕಚ್ಚಿಕೊಂಡು ನೆಲದ ಮೇಲೆ ಕೂತೆ. ಕರ್ತನೇ, ಬುಡಸಮೇತ ಕೀಳುವುದು ಹಾಗಿರಲಿ, ಈ ಒಂದು ನಿಮಿಷ ನನ್ನ ಬಾಯಿ ಹಿಡಿ ಎಂದು ಬೇಡಿಕೊಂಡೆ. ಎಷ್ಟೋ ಹೊತ್ತಾದ ಮೇಲೆ ತಮ್ಮ ತಾನೇ ಬಂದು ಎದುರಿಗೆ ಕೂತ. ಉಳಿದ ಗುಂಡಿಗಳನ್ನು ನಾನು ಹಾಕಿದೆ. ಕ್ಷಮಿಸಿದೆ ಅಂತ ಅವನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಸಭೆಯಲ್ಲಿ ಮತ್ತೆ ಎದ್ದು ನಿಂತೆ. "ಅವತ್ತು ನಾನು ಹೇಳಿದ ಸಾಕ್ಷಿ ಸುಳ್ಳು. ಕೋಪ ಹೋಗಿಲ್ಲ, ಇಲ್ಲೇ ಇದೆ. ತಮ್ಮನ ಕೈ ಕುಯ್ದಿದ್ದು ನಾನು" ಎಂದೆ. ಯಾರೂ ಆಮೆನ್ ಅನ್ನಲಿಲ್ಲ. ಮೂರನೇ ಬೆಂಚಿನ ಕಡೆ ನೋಡಿದೆ. ತಮ್ಮ ಎದ್ದು ಹೋಗಿರಲಿಲ್ಲ.