ಗಿಟಾರಿನ ಕತ್ತು, ಬ್ಯಾಂಜೊದ ಹೊಟ್ಟೆ

ಆ ಭಾನುವಾರ ಓವೀಡ್‌ನ ಎದುರಿಗೆ ಕುಣಿಯುತ್ತಿದ್ದ ಹುಡುಗಿಯೊಬ್ಬಳು ಹಾಡಿನ ನಡುವೆ ನಿಂತು, ಬಗ್ಗಿ, ಅವನ ಗಿಟಾರನ್ನೇ ದಿಟ್ಟಿಸಿದಳು.

"ಅಯ್ಯೋ, ತಂತಿ ಇದಾವಲ್ಲ ತಾತ! ನೀವು ಸುಮ್ನೆ ಮರ ಸವರ್ತಾ ಕೂತಿದೀರಿ ಅಂದ್ಕೊಂಡಿದ್ದೆ."

ಹುಡುಗಿಯ ಮಾತಿನಲ್ಲಿ ಕುಹಕವಿರಲಿಲ್ಲ. ಕಣ್ಣಿಗೆ ಕಂಡದ್ದು ಕಿವಿಗೆ ಕೇಳದೆ ಬೆರಗಾಗಿದ್ದಳು, ಅಷ್ಟೆ. ಓವೀಡ್ ನಕ್ಕ. ನಕ್ಕ ಮುಖ ಹಾಡು ಮುಗಿಯುವವರೆಗೂ ಹಾಗೇ ಉಳಿಯಿತು, ತೆಗೆಯಲು ಮರೆತ ಟೊಪ್ಪಿಗೆಯ ಹಾಗೆ.

ಸರೋವರದ ನೀರಿನೊಳಗೆ ಕಂಬ ನಿಲ್ಲಿಸಿ ಕಟ್ಟಿದ ಮರದ ಮನೆಗಳು ಅವು. ಭಾನುವಾರ ಬಂತೆಂದರೆ ನ್ಯೂ ಆರ್ಲಿಯನ್ಸಿನ ಅರ್ಧ ಜನ ಹೊಗೆ ಉಗುಳುವ ಪುಟ್ಟ ರೈಲು ಹತ್ತಿ ಅಲ್ಲಿಗೆ ಬರುತ್ತಿದ್ದರು. ಒಂದೊಂದು ಮನೆಯಲ್ಲಿ ಒಂದೊಂದು ಮೇಳ. ಮೊದಲೆಲ್ಲ ಹೀಗಿರಲಿಲ್ಲ. ಪಿಟೀಲು, ಗಿಟಾರು, ಮೆಲ್ಲನೆಯ ಕುಣಿತ. ಹಿರಿಯರು ಗಾಳಿ ಬೀಸಿಕೊಳ್ಳುತ್ತ ಕೇಳುತ್ತಿದ್ದರು. ಯುರೋಪಿನ ಯುದ್ಧ ಮುಗಿದು ಹುಡುಗರು ಹಿಂತಿರುಗಿದ ಮೇಲೆ ಕುಣಿತಕ್ಕೆ ಕಾವು ಹತ್ತಿತು. ತುತ್ತೂರಿಗಳು ಜೋರಾದವು, ಡೋಲು ಜೋರಾಯಿತು. ಈಗ ಪಕ್ಕದ ಮನೆಯ ಮೇಳದಲ್ಲಿ ಬ್ಯಾಂಜೊ ಬಂದು ಕೂತಿತ್ತು. ಚರ್ಮ ಬಿಗಿದ ಅದರ ಹೊಟ್ಟೆಯಿಂದ ಹೊರಟ ಸದ್ದು ನೀರಿನ ಮೇಲೆ ಜಾರಿಕೊಂಡು ಬಂದು ಓವೀಡ್‌ನ ಮೇಳದ ಹಾಡಿನೊಳಗೇ ಬಾಗಿಲು ತಟ್ಟದೆ ನುಗ್ಗುತ್ತಿತ್ತು.

ಸಂಜೆ ವಾದ್ಯಗಳನ್ನು ಚೀಲಕ್ಕೆ ಹಾಕುವಾಗ ಆರ್ಸೇನ್ ಹತ್ತಿರ ಬಂದ. ಮೇಳದ ಯಜಮಾನ, ತುತ್ತೂರಿ ಊದುವವನು. ಓವೀಡ್‌ನ ಹೆಂಡತಿ ಫಿಲೊಮೆನ್‌ಗೆ ಒಡಹುಟ್ಟಿದ ತಮ್ಮ. ಹೇಳಬೇಕಾದ್ದನ್ನು ಹೇಳಲಾರದೆ ತುತ್ತೂರಿಯ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ.

"ಭಾವ, ಆ ಹುಡುಗಿ ಅಂದದ್ದು ನನಗೂ ಕೇಳಿಸ್ತು."

"ಹುಡುಗಿ ಅಂದದ್ದು ಕೇಳಿಸ್ತು, ನನ್ನ ಗಿಟಾರ್ ಕೇಳಿಸ್ಲಿಲ್ಲ. ಅಷ್ಟೇ ತಾನೇ?"

"ಅಷ್ಟೇ" ಎಂದ ಆರ್ಸೇನ್, ತಲೆ ಎತ್ತದೆ. "ಮೇಲಿನ ಪೇಟೇಲಿ ಒಬ್ಬ ಹುಡುಗ ಇದಾನೆ, ಬ್ಯಾಂಜೊ ಬಾರಿಸ್ತಾನೆ. ಕರೆದ್ರೆ ನಾಳೇನೇ ಬರ್ತಾನೆ. ಆದ್ರೆ ನೀವೇ ಬ್ಯಾಂಜೊ ಹಿಡಿದ್ರೆ ಮೇಳದ ಕುರ್ಚಿ ನಿಮ್ದೇ. ಅಕ್ಕನ ಮುಖ ನೋಡಿ ಹೇಳ್ತಿಲ್ಲ ಭಾವ, ನಿಮ್ಮಷ್ಟು ತಾಳ ಬಲ್ಲವರು ನನಗೆ ಸಿಗಲ್ಲ. ಬರೋ ಭಾನುವಾರ ಪರಸ್ಪರ ಸಹಾಯ ಸಂಘದ ಹಿರಿಯರ ಊಟ. ಅಷ್ಟರೊಳಗೆ ನೋಡಿ."

ಓವೀಡ್ ಗಾರೆ ಕೆಲಸದವನು. ವಾರವೆಲ್ಲ ಕರಣೆ ಹಿಡಿದು ಮಂದಿಯ ಮನೆಯ ಗೋಡೆಗೆ ಸುಣ್ಣದ ಗಾರೆ ಮೆತ್ತುತ್ತಿದ್ದ. ಬಲಭುಜ ಕೆಲವು ವರ್ಷಗಳಿಂದ ಮಾತು ಕೇಳುತ್ತಿರಲಿಲ್ಲ. ಗಾರೆ ಅವನ ಅನ್ನ. ಆ ಕುರ್ಚಿ ಅವನು. ವಾರದ ಆರು ದಿನ ಹೆಸರಿಲ್ಲದೆ ಗೋಡೆಯ ಹಿಂದೆ ಉಳಿದವನು ಏಳನೆಯ ದಿನ ಆ ಕುರ್ಚಿಯ ಮೇಲೆ ಕೂತಾಗ ಮಾತ್ರ ಓವೀಡ್ ಆಗುತ್ತಿದ್ದ. ಅದನ್ನು ಬಿಟ್ಟುಕೊಡುವ ವಯಸ್ಸು ಬಂದಿರಬಹುದು, ಮನಸ್ಸು ಬಂದಿರಲಿಲ್ಲ.

ನಾಲ್ಕು ತಂತಿಯ ಬ್ಯಾಂಜೊವನ್ನು ಗೆಳೆಯನೊಬ್ಬನಿಂದ ತಂದು ನೋಡಿದ. ಅದರ ಶ್ರುತಿಯೇ ಬೇರೆ, ಬೆರಳು ನಡೆಯುವ ದಾರಿಯೇ ಬೇರೆ. ಹುಟ್ಟಿದ ಬೀದಿಯಲ್ಲಿ ಕಣ್ಣು ಮುಚ್ಚಿ ನಡೆಯುವವನನ್ನು ಪರ ಊರಿನ ಸಂತೆಯಲ್ಲಿ ಬಿಟ್ಟ ಹಾಗಾಯಿತು. ಹಿಂತಿರುಗಿಸಿಬಿಟ್ಟ.

ಮರುದಿನ ಕೆಲಸಕ್ಕೆ ಹೋಗುವಾಗ ರಾಂಪಾರ್ಟ್ ಬೀದಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಅದು ಕಣ್ಣಿಗೆ ಬಿತ್ತು. ಕೆಳಗೆ ಬ್ಯಾಂಜೊದ ದುಂಡು ಹೊಟ್ಟೆ. ಮೇಲೆ ಗಿಟಾರಿನ ಅಗಲ ಕತ್ತು, ಗಿಟಾರಿನದೇ ಆರು ತಂತಿ. ತೊಡೆಯ ಮೇಲಿಟ್ಟುಕೊಂಡ. ಎಡಗೈ ತಾನಾಗಿಯೇ ಹೋಗಿ ತನ್ನ ಜಾಗದಲ್ಲಿ ಕೂತಿತು. ಬಲಗೈ ಎಳೆದದ್ದೇ ತಡ, ಅಂಗಡಿಯ ಗಾಜಿನ ಲೋಟಗಳೆಲ್ಲ ಕಿಣಿಕಿಣಿ ಎಂದವು. ಹಿಂದಿನ ಕೋಣೆಯಿಂದ ಅಂಗಡಿಯವನು ಓಡಿ ಬಂದ.

ಓವೀಡ್ ಹಿಗ್ಗಿದ. ಕೈಗೆ ಅದೇ ಹಳೇ ಮನೆ, ಕಿವಿಗೆ ಮಾತ್ರ ಹೊಸ ಊರು! ಕಲಿತದ್ದು ಯಾವುದನ್ನೂ ಬಿಡಬೇಕಾಗಿಲ್ಲ, ಹೊಸದು ಯಾವುದನ್ನೂ ಕಲಿಯಬೇಕಾಗಿಲ್ಲ. ಇಂಥ ವಾದ್ಯವನ್ನು ದಣಿದ ಗಿಟಾರಿನವನಿಗೆಂದೇ ದೇವರು ಯಾರದೋ ಕೈಯಲ್ಲಿ ಮಾಡಿಸಿಟ್ಟಿರಬೇಕು ಎನ್ನಿಸಿತು. ಅಂಗಡಿಯ ಚಾವಣಿಯ ಗಾರೆ ಉದುರುತ್ತಿತ್ತು. ಕೆಲಸ ಮುಗಿದ ಮೇಲೆ ಸಂಜೆ ಬಂದು ಆ ಚಾವಣಿಗೆ ಹೊಸ ಗಾರೆ ಮೆತ್ತಿಕೊಡುವುದು, ಬದಲಿಗೆ ವಾದ್ಯ ಒಯ್ಯುವುದು ಎಂದು ಮಾತಾಯಿತು. ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸ. ಭುಜ ಅತ್ತಿತು. ಅಳಲಿ ಎಂದ.

ಮನೆಗೆ ತಂದಾಗ ಫಿಲೊಮೆನ್ ಒಲೆಯ ಮುಂದೆ ಬೀನ್ಸು ಕಲಕುತ್ತಿದ್ದಳು.

"ಇದೇನು, ಗಿಟಾರ್ ಬಸುರಾಯ್ತಾ?"

"ಕೇಳು ಮೊದ್ಲು."

ಕೇಳಿದಳು. ಸೌಟು ಕೆಳಗಿಟ್ಟು ಕಿವಿ ಮುಚ್ಚಿಕೊಂಡಳು. "ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿದೆ ಓವೀಡ್. ಆ ಗಿಟಾರ್ ಏನು ಪಾಪ ಮಾಡಿತ್ತು?"

"ಯಾರಿಗೂ ಕೇಳಿಸ್ದೆ ಇದ್ದ ಪಾಪ" ಎಂದು ಓವೀಡ್ ಗಿಟಾರನ್ನು ಗೋಡೆಯ ಮೊಳೆಗೆ ತೂಗುಹಾಕಿದ.

ಗುರುವಾರ ಆರ್ಸೇನ್‌ನ ಹಿತ್ತಲಿನಲ್ಲಿ ತಾಲೀಮು. ಜೋರು ಹಾಡುಗಳು ಶುರುವಾದವು. ಬ್ಯಾಂಜೊ ಬಾಯಿಬಿಟ್ಟಿತು ನೋಡಿ, ಬೇಲಿಯ ಆಚೆಯ ಕೋಳಿಗಳೆಲ್ಲ ಚದುರಿದವು. ಡೋಲು ಬಾರಿಸುವ ಝೆನೊನ್ ಓವೀಡ್‌ನ ಬಾಲ್ಯದ ಗೆಳೆಯ, ಬಾಯಿ ಸ್ವಲ್ಪ ಸಡಿಲ. "ಲೋ ಮುದುಕಾ, ಇಷ್ಟು ವರ್ಷ ನೀನು ಮೇಳದಲ್ಲಿದ್ದೆ ಅನ್ನೋದು ಇವತ್ತು ಗೊತ್ತಾಯ್ತು ಕಣೋ!" ಎಂದು ಕೂಗಿದ. ಎಲ್ಲರೂ ನಕ್ಕರು. ಓವೀಡ್ ಕೂಡ ನಕ್ಕ, ಈ ಸಲ ನಿಜವಾಗಿ.

ಆಮೇಲೆ ವಾಲ್ಟ್ಜ್ ಬಂತು. ಸಂಘದ ಹಿರಿಯರು ಊಟದ ಕೊನೆಗೆ ತಮ್ಮ ತಮ್ಮ ಹೆಂಡಿರ ಕೈಹಿಡಿದು ಕುಣಿಯುವ, ಮೂರು ಏಟಿನ ತಾಳದ ನಿಧಾನದ ಹಾಡು ಅದು. ಅದನ್ನು ಎತ್ತಿಕೊಡುವವನು ಯಾವಾಗಲೂ ಓವೀಡನೇ. ಅವನು ಕೆಳತಂತಿಯನ್ನು ಮೀಟಿ, ಯಾವತ್ತಿನ ಹಾಗೆ ಕಣ್ಣು ಮುಚ್ಚಿ ಕಾದ. ಗಿಟಾರಿನಲ್ಲಿ ಆ ಸ್ವರ ಹೊಗೆಯಂತೆ ಎದ್ದು, ಸುಳಿದು, ಉಳಿದ ಎರಡು ಏಟುಗಳನ್ನು ತಾನೇ ತುಂಬಿಕೊಳ್ಳುತ್ತಿತ್ತು. ಇಲ್ಲಿ ಸ್ವರ ಟಕ್ಕೆಂದು ಹುಟ್ಟಿತು, ಅಲ್ಲೇ ಸತ್ತಿತು. ಉಳಿದೆರಡು ಏಟು ಖಾಲಿ ಬಿದ್ದವು. ಕೋಳಿಯೊಂದು ಕೊಕ್ ಎಂದಿತು.

"ಭಾವ, ನಿದ್ದೆ ಬಂತಾ?" ಎಂದ ಆರ್ಸೇನ್.

"ಇಲ್ಲಪ್ಪ, ಗಾರೆಯವನಲ್ವಾ" ಎಂದ ಝೆನೊನ್. "ಒಂದು ಪದರ ಮೆತ್ತಿದಾನೆ, ಅದು ಒಣಗ್ಲಿ ಅಂತ ಕಾಯ್ತಿದಾನೆ!"

ನಗು ಎದ್ದಿತು. ಮತ್ತೆ ಹಿಡಿದ. ಆರೂ ತಂತಿಗಳನ್ನು ಒಟ್ಟಿಗೆ ಜೋರಾಗಿ ಎಳೆದರೆ ಸ್ವರ ಉಳಿಯಬಹುದೆಂದು ಎಳೆದ. ಪಾತ್ರೆಗಳ ಕಪಾಟು ಬಿದ್ದಂತಾಯಿತು. ಮತ್ತೊಮ್ಮೆ, ಇನ್ನೊಮ್ಮೆ. ಹಾಡು ಕುಂಟುತ್ತಲೇ ಮುಗಿಯಿತು. ಯಾರೂ ನಗಲಿಲ್ಲ. ಅದು ನಗುವಿಗಿಂತ ಭಾರವಾಗಿತ್ತು.

ಬಾಗಿಲವರೆಗೆ ಬಂದ ಆರ್ಸೇನ್ ಮೆತ್ತಗೆ ಹೇಳಿದ: "ಜೋರು ಹಾಡು ಯಾರಾದ್ರೂ ಬಾರಿಸ್ತಾರೆ ಭಾವ. ಸಂಘದವರು ನಮ್ಮನ್ನ ಕರೆಯೋದು ಆ ವಾಲ್ಟ್ಜ್‌ಗೆ. ಭಾನುವಾರ ಅದು ಹೀಗೇ ಬಿದ್ರೆ... ನಾನು ಆ ಹುಡುಗನ್ನ ಕರೀಬೇಕಾಗತ್ತೆ."

"ಕರೀಬೇಕು" ಎಂದ ಓವೀಡ್. "ನಾನಾಗಿದ್ರೂ ಕರೀತಿದ್ದೆ."

ಶುಕ್ರವಾರ ಇಡೀ ದಿನ ಒಂದು ಮಠದ ಗೋಡೆ ಮೆತ್ತಿ ಬಂದ. ಮೀನಿನ ಸಾರು ಉಂಡು, ಬಾಗಿಲ ಮುಂದಿನ ಮೆಟ್ಟಿಲಲ್ಲಿ ಹೆಂಡತಿಯ ಜೊತೆ ಜಪಸರ ಹಿಡಿದು ಕೂತ. ಮದುವೆಯಾದಂದಿನಿಂದ ಇದೇ ರೂಢಿ: ಪ್ರಾರ್ಥನೆಯ ಮೊದಲರ್ಧ ಅವಳು ಹೇಳುವುದು, ಉಳಿದರ್ಧ ಅವನು. ಅಂದು ದಣಿವಿಗೆ ನಾಲಿಗೆ ಏಳುತ್ತಿರಲಿಲ್ಲ. ಅವನ ಸಾಲು ಮುಗಿಯುವ ಮೊದಲೇ ಅವಳ ಮುಂದಿನ ಸಾಲು ಶುರುವಾಗುತ್ತಿತ್ತು, ಒಂದರ ಬಾಲ ಇನ್ನೊಂದರ ತಲೆಯ ಮೇಲೆ.

"ಸ್ವಲ್ಪ ನಿಧಾನ ಹೇಳು ಫಿಲೊ. ಅಟ್ಟಿಸ್ಕೊಂಡು ಬಂದ ಹಾಗೆ ಹೇಳ್ತೀಯ."

"ನಾನು ನಿಧಾನಾನೇ ಹೇಳ್ತಿದೀನಿ. ನಿಲ್ಲಿಸ್ತಾ ಇಲ್ಲ, ಅಷ್ಟೆ" ಎಂದಳು ಫಿಲೊಮೆನ್, ಬೆರಳು ಮಣಿಯ ಮೇಲಿಟ್ಟುಕೊಂಡೇ. "ನೀನು ಉಸಿರು ಎಳೆಯೋವಾಗ ನಾನು ಹಿಡ್ಕೋತೀನಿ. ಇಬ್ರೂ ಒಟ್ಟಿಗೆ ಸುಮ್ಮನಾದ್ರೆ ತಾಯಿ ಮರಿಯಮ್ಮ ಎದ್ದು ಪಕ್ಕದ ಮನೆಗೆ ಹೋಗ್ತಾಳೆ. ನಮ್ಮಮ್ಮ ಹಾಗೇ ಹೇಳ್ತಿದ್ಲು. ಹೂಂ, ಹೇಳು."

ಅವನು ಹೇಳಿದ. ಮಣಿ ಜಾರಿತು, ಮತ್ತೊಂದು ಬಂತು. ಮಣಿ ಎಷ್ಟು ಸಣ್ಣದು! ಬೆರಳಿಗೆ ಸಿಕ್ಕಷ್ಟರಲ್ಲೇ ಮುಗಿಯುತ್ತದೆ. ಆದರೂ ಜಪ ಎಲ್ಲಿಯೂ ತುಂಡಾಗಿರಲಿಲ್ಲ. ನದಿಯ ಹಾಗೆ ಬೀದಿಯುದ್ದಕ್ಕೂ ಹರಿಯುತ್ತಿತ್ತು. ಓವೀಡ್‌ನ ಬಲಗೈ ತೊಡೆಯ ಮೇಲೆ ಮೆಲ್ಲನೆ ತಟ್ಟತೊಡಗಿತು. ಇಷ್ಟು ವರ್ಷ ಸ್ವರ ತಾನಾಗಿ ಉಳಿಯಲೆಂದು ಕಾಯುತ್ತ ಬಂದಿದ್ದ. ಈ ವಾದ್ಯದಲ್ಲಿ ಯಾವುದೂ ಉಳಿಯುವುದಿಲ್ಲ, ಮಣಿಯಂತೆ ಒಂದರ ಬೆನ್ನಿಗೆ ಒಂದನ್ನು ಕೊಡುತ್ತಲೇ ಇರಬೇಕು.

"ಕೈ ಏನು ಮಾಡ್ತಿದೆ? ಜಪ ಮಾಡೋವಾಗ ತಾಳ ಹಾಕ್ತೀಯಲ್ಲ!"

"ಇದೂ ಜಪಾನೇ" ಎಂದ. ಅವಳು ನಂಬಲಿಲ್ಲ.

ಶನಿವಾರ ಸಿಕ್ಕ ಪುರಸೊತ್ತಿನಲ್ಲೆಲ್ಲ ಅಭ್ಯಾಸ ಮಾಡಿದ. ಆರು ತಂತಿಗಳಲ್ಲಿ ಮೂರನ್ನೇ, ನಾಲ್ಕನ್ನೇ ಮುಟ್ಟುವುದು. ಮೊದಲ ಏಟು ಕೆಳಗೆ, ಉಳಿದೆರಡು ಮೇಲೆ, ಮೆತ್ತಗೆ, ಹಿಂದಿನದು ಆರುವ ಮುನ್ನ ಮುಂದಿನದು. ಹಾಡು ಕುಂಟದೆ ನಡೆಯಿತು. ಭುಜ ಮಾತ್ರ ಉರಿಯಿತು. ಗಿಟಾರಿನಲ್ಲಿ ಸ್ವರ ಸುಳಿಯುವಾಗ ಕೈಗೆ ಬಿಡುವು ಸಿಗುತ್ತಿತ್ತು. ಇಲ್ಲಿ ಬಿಡುವೇ ಇಲ್ಲ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಸರೋವರಕ್ಕೆ ಹೋದರೆ ಮೋಡ, ನೀರಿನಿಂದ ಎದ್ದು ಬರುವ ತೇವದ ಗಾಳಿ. ಮಧ್ಯಾಹ್ನದ ಹೊತ್ತಿಗೆ ಬ್ಯಾಂಜೊದ ಚರ್ಮ ಸಡಿಲವಾಗಿ ಸದ್ದು ಮಂಕಾಯಿತು. ವಾಲ್ಟ್ಜ್‌ಗೆ ಮುನ್ನ ಸಿಕ್ಕ ಊಟದ ಬಿಡುವಿನಲ್ಲಿ ಓವೀಡ್ ವಾದ್ಯವನ್ನು ಎತ್ತಿಕೊಂಡು ಬಿಸಿಯಿದ್ದ ಕಡೆ ಧಾವಿಸಿದ. ದಡದ ಮೇಲೆ ದೊಡ್ಡ ಹಂಡೆಯಲ್ಲಿ ಏಡಿ ಬೇಯುತ್ತಿತ್ತು. ಅದರ ಮೇಲೆ ಚರ್ಮ ಹಿಡಿದು ನಿಂತ.

ಬಾರಿಸಿ ನೋಡಿದರೆ ಒದ್ದೆ ಗೋಣಿಚೀಲ ಬಡಿದಂತಿತ್ತು!

ಕೈಯಲ್ಲಿ ಏಡಿಯ ಕಾಲು ಹಿಡಿದ ಝೆನೊನ್ ಅಲ್ಲಿಗೆ ಬಂದವನು ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ! ಹಬೆಗೆ ಹಿಡಿದಿದೀಯಲ್ಲೋ! ಏಡಿ ಜೊತೆ ಬ್ಯಾಂಜೊನೂ ಬೇಯಿಸಿ ಸಂಘದವರಿಗೆ ಬಡಿಸ್ತೀಯಾ? ಇಷ್ಟು ವರ್ಷ ಮರ ಹಿಡಿದವನು, ಚರ್ಮದ ಕಷ್ಟ ನಿನಗೇನು ಗೊತ್ತು? ಕೆಂಡಕ್ಕೆ ಹಿಡೀಬೇಕು ಕಣೋ, ಕೆಂಡಕ್ಕೆ. ದೂರದಿಂದ. ಕೊಡಿಲ್ಲಿ."

ಝೆನೊನ್ ಒಲೆಯ ಕೆಂಡವನ್ನು ಪಕ್ಕಕ್ಕೆ ಎಳೆದು, ಕೂಸಿಗೆ ಶಾಖ ಕೊಡುವವನಂತೆ ವಾದ್ಯವನ್ನು ತಿರುಗಿಸುತ್ತ ಕೂತ. ಓವೀಡ್ ಪಕ್ಕದಲ್ಲಿ ಕುಕ್ಕರಿಸಿದ. ಸಂಘದ ಹಿರಿಯರು ಆಗಲೇ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆರ್ಸೇನ್ ಮೇಲಿನಿಂದ ಕೈ ಬೀಸುತ್ತಿದ್ದ. ತಾಯೀ, ಇದೊಂದು ಹಾಡು ಎಂದು ಓವೀಡ್ ಮನಸ್ಸಿನಲ್ಲೇ ಕೇಳಿಕೊಂಡ. ಹೆಚ್ಚು ಕೇಳುವ ಶಕ್ತಿಯೂ ಇರಲಿಲ್ಲ.

ಚರ್ಮ ಬಿಗಿಯಿತು. ಝೆನೊನ್ ಬೆರಳಿನಿಂದ ತಟ್ಟಿ ನೋಡಿ, "ಓಡು" ಎಂದ.

ಓವೀಡ್ ಕುರ್ಚಿಯಲ್ಲಿ ಕೂತು ಶ್ರುತಿ ಮಾಡಿಕೊಂಡ, ಮೊದಲ ಏಟು ಕೊಟ್ಟ. ಕಾಯಲಿಲ್ಲ. ಅದು ಸಾಯುವಷ್ಟರಲ್ಲಿ ಎರಡನೆಯದು, ಅದರ ಬೆನ್ನಿಗೆ ಮೂರನೆಯದು. ಮಣಿ, ಮಣಿ, ಮಣಿ. ಹಿರಿಯರ ಕಾಲುಗಳು ಮರದ ನೆಲದ ಮೇಲೆ ಜಾರತೊಡಗಿದವು. ತುತ್ತೂರಿ ಮೆತ್ತಗೆ ಬಂದು ಸೇರಿಕೊಂಡಿತು. ಪಕ್ಕದ ಮನೆಯ ಮೇಳ ಅಬ್ಬರಿಸುತ್ತಲೇ ಇತ್ತು, ಆದರೆ ಒಳಗೆ ಬರಲು ಅದಕ್ಕೆ ಸಂದಿ ಸಿಗಲಿಲ್ಲ. ಒಂದು ಸುತ್ತು ಮುಗಿಯುವಾಗ ಭುಜದಲ್ಲಿ ಸೂಜಿ ಆಡಿತು, ಮೂರನೆಯ ಸುತ್ತಿಗೆ ತೋಳೇ ತನ್ನದಲ್ಲವೆನ್ನಿಸಿತು. ಬಾಗಿಲ ಹತ್ತಿರ ಸಂಘದ ಹೆಂಗಸರ ನಡುವೆ ನಿಂತಿದ್ದ ಫಿಲೊಮೆನ್ ಕಂಡಳು. ಅವಳ ತುಟಿ ಆಡುತ್ತಿತ್ತು. ಹಾಡುತ್ತಿದ್ದಳೋ, ತನ್ನ ಅರ್ಧವನ್ನು ಹೇಳುತ್ತಿದ್ದಳೋ, ಅವನಿಗೆ ತಿಳಿಯಲಿಲ್ಲ. ನಿಲ್ಲಿಸಲಿಲ್ಲ.

ಹಾಡು ಮುಗಿದಾಗ ಹಿರಿಯರು ಮತ್ತೊಮ್ಮೆ ಎಂದರು. ಮತ್ತೊಮ್ಮೆ ಬಾರಿಸಿದ.

ಸಂಜೆ ಆರ್ಸೇನ್ ಬಂದು ಎದುರಿಗೆ ನಿಂತ. ಮುಖ ಅರಳಿತ್ತು. "ಮುಂದಿನ ಭಾನುವಾರ ಸ್ವಲ್ಪ ಬೇಗ ಬನ್ನಿ ಭಾವ. ಇನ್ನೂ ಎರಡು ಹಳೇ ವಾಲ್ಟ್ಜ್ ಎತ್ಕೊಳ್ಳೋಣ. ಅದರ ಮುಂದಿನ ವಾರಾನೂ ಕರೆ ಬಂದಿದೆ, ಆಮೇಲೆ ಬೇಸಿಗೆ ಮುಗಿಯೋವರೆಗೂ."

"ಬರ್ತೀನಪ್ಪ" ಎಂದ ಓವೀಡ್. ಕುರ್ಚಿ ಉಳಿದಿತ್ತು. ಅದರಿಂದ ಏಳಲು ಝೆನೊನ್ ಕೈ ಕೊಡಬೇಕಾಯಿತು.

ರೈಲಿನಲ್ಲಿ ಫಿಲೊಮೆನ್ ಅವನ ಭುಜವನ್ನು ಒತ್ತುತ್ತ, "ತಗಡಿನ ಸದ್ದೇ" ಎಂದಳು. "ಆದ್ರೆ ಕೊನೇ ತನಕ ಬಿಡಲಿಲ್ಲ ನೀನು."

"ಬಿಡೋಕೆ ಬಿಡಲ್ಲ ಅದು. ಕೊಟ್ಟಷ್ಟೇ ಕೊಡತ್ತೆ, ತಾನಾಗಿ ಒಂದು ಚೂರೂ ಸೇರಿಸಲ್ಲ."

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವಳು ದೀಪದ ಎಣ್ಣೆ ನೋಡಲು ಒಳಗೆ ಹೋದಳು. ಓವೀಡ್ ಬ್ಯಾಂಜೊವನ್ನು ಒಲೆಯಿಂದ ತುಸು ದೂರದಲ್ಲಿ, ತೇವ ತಾಕದ ಕಡೆ ಜೋಪಾನವಾಗಿ ಒರಗಿಸಿದ. ಹಿಂತಿರುಗುವಾಗ ಮೊಳೆಗೆ ತೂಗಿದ್ದ ಗಿಟಾರಿನ ಮುಂದೆ ನಿಂತು, ಅದರ ಕೆಳತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿದ. ಒಮ್ಮೆ ಮಾತ್ರ. ಆಮೇಲೆ ಮಂಚದ ಅಂಚಿಗೆ ಕೂತು ಬೂಟಿನ ದಾರ ಬಿಚ್ಚಿದ. ಒಂದು ಬೂಟು ಕಳಚಿ ಕೆಳಗಿಟ್ಟಾಗಲೂ ಆ ಸ್ವರ ಕೋಣೆಯಲ್ಲಿ ಇತ್ತು. ಅವನ ಕೈಯಿಂದ ಏನನ್ನೂ ಕೇಳದೆ, ತನ್ನಷ್ಟಕ್ಕೆ ತಾನು ಸುಳಿಯುತ್ತಿತ್ತು. ಅದು ಆರುವವರೆಗೆ ಓವೀಡ್ ಇನ್ನೊಂದು ಬೂಟಿಗೆ ಕೈ ಹಾಕಲಿಲ್ಲ.